ಬಾಲ ಬಂದ ಕಾರು

"ಅಜ್ಜಿ, ಕೆಟ್ಟದ್ದು ಎಲ್ಲೋ ಇರುತ್ತದೆ. ಕೆಟ್ಟಿದೆ ಅಂತ ಬಾಯಿ ಬಿಟ್ಟವಳನ್ನೇ ಯಾಕೆ ಎಲ್ಲರೂ ಮೊದಲು ಹಿಡಿದುಕೊಳ್ಳುತ್ತಾರೆ?"

ಹೀಗೆ ಕೇಳಿದವಳು ನೀಲಾಂಬಿಕೆ. ನನ್ನ ಹತ್ತಿರ ಸೋಬಾನೆ ಪದ ಕಲಿಯಲು ಬರುವವಳು. ಅವತ್ತು ಅವಳಿಗೆ ಪದದ ಕಡೆ ಮನಸ್ಸಿರಲಿಲ್ಲ. ಡೈರಿಯಿಂದ ನೇರ ಬಂದಿದ್ದಳು. ತುಂಬಿದ ಹಾಲಿನ ಕ್ಯಾನನ್ನು ಹೊಸ್ತಿಲ ಬಳಿ ಕುಕ್ಕಿದಳು.

ಆದದ್ದು ಇಷ್ಟು. ಡೈರಿಯಲ್ಲಿ ಎಲ್ಲರ ಹಾಲನ್ನೂ ಸುರಿದುಕೊಳ್ಳುವ ದೊಡ್ಡ ಪಾತ್ರೆ ಹುಳಿ ವಾಸನೆ ಹೊಡೆಯುತ್ತಿದೆ, ಚೆನ್ನಾಗಿ ತೊಳೆಸಿ ಎಂದು ಇವಳು ಹೇಳಿದ್ದಾಳೆ. ಕಾರ್ಯದರ್ಶಿ ತನ್ನ ಪಾತ್ರೆಯನ್ನು ಮೂಸಲಿಲ್ಲ. ಇವಳ ಕ್ಯಾನನ್ನು ಮೂಸಿದ. ನಿನ್ನ ಹಾಲೇ ಹುಳಿ, ತೆಗೆದುಕೊಂಡು ಹೋಗು ಎಂದ.

"ಹೋದ ತಿಂಗಳು ಸಾಕಮ್ಮ ಇದೇ ಮಾತು ಹೇಳಿದ್ದಕ್ಕೆ ಅವಳಿಗೂ ಹೀಗೇ ಮಾಡಿದರು ಅಜ್ಜಿ. ಅವಳ ಹಾಲನ್ನು ಮೋರಿಗೇ ಚೆಲ್ಲಿಸಿದರು. ಈಗ ನನ್ನ ಸರದಿ" ಎಂದಳು. ಮೂಗಿನ ತುದಿ ಕೆಂಪಗಾಗಿತ್ತು.

ನಾನು ಹೇಳಿದೆ: "ಮೊದಲು ಕಾಲು ಚಾಚಿ ಕೂತುಕೋ ತಾಯಿ. ಬೇಡ, ತಡಿ. ಆ ಕ್ಯಾನಿನಿಂದ ಒಂದು ಪಾತ್ರೆ ಹಾಲು ಬಗ್ಗಿಸಿ ಒಲೆಯ ಮೇಲಿಟ್ಟು ಬಾ, ಸಣ್ಣ ಉರಿ ಇರಲಿ. ಅದು ಕಾಯುವಷ್ಟರಲ್ಲಿ ನಾನೊಂದು ಕತೆ ಹೇಳಿ ಮುಗಿಸುತ್ತೇನೆ. ನಡುವೆ ಎದ್ದು ಹೋಗಬಾರದು. ಹಾಲು ಉಕ್ಕಿದರೆ ಮಾತ್ರ ಏಳು."

ಅವಳು ಹಾಲಿಟ್ಟು ಬಂದು ಗೋಡೆಗೆ ಒರಗಿ ಕೂತಳು. ನಾನು ಶುರು ಮಾಡಿದೆ.

ಒಬ್ಬ ಮಂಡಿ ಸಾಹುಕಾರ ಇದ್ದ. ಹೆದ್ದಾರಿಯ ಪಕ್ಕದಲ್ಲೇ ಅವನ ಮಂಡಿ, ಮಂಡಿಯ ಹಿಂದೆ ಮನೆ. ಹುರುಳಿ ವ್ಯಾಪಾರ. ಕೆಟ್ಟ ಮನುಷ್ಯ ಅಂತ ಊರಲ್ಲಿ ಯಾರೂ ಅನ್ನುತ್ತಿರಲಿಲ್ಲ. ಕೈ ಮುಗಿದವರಿಗೆ ಕೈ ಮುಗಿಯುತ್ತಿದ್ದ.

ಅವನ ಹೆಂಡತಿಗೆ ತವರಿನಿಂದ ಒಂದು ಕಾರು ಬಂದಿತ್ತು. ಸಾಧಾರಣ ಕಾರಲ್ಲ, ಪಂದ್ಯಕ್ಕೆ ಬಿಡುವಂಥ ಸ್ಪೋರ್ಟ್ಸ್ ಕಾರು. ಇಬ್ಬರೇ ಕೂರಬಹುದು. ಎಷ್ಟು ಕುಳ್ಳು ಎಂದರೆ, ರಸ್ತೆಯಲ್ಲಿ ಬಿದ್ದ ಸಗಣಿಯನ್ನೂ ಹೊಟ್ಟೆಗೆ ಸವರಿಕೊಂಡು ಹೋಗುತ್ತಿತ್ತು. ಅವಳ ಅಪ್ಪ ಟೂರಿಂಗ್ ಟಾಕೀಸು ನಡೆಸುತ್ತಿದ್ದವನು. ಊರೂರು ಡೇರೆ ಹೊಡೆದು ದುಡಿದದ್ದರಲ್ಲಿ ತನ್ನ ಆಸೆಗೆಂದು ಕೊಂಡುಕೊಂಡದ್ದು ಅದೊಂದೇ. ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನು ಓಡಿಸಿದ. ಆಮೇಲೆ ತಾನು ಪಕ್ಕದಲ್ಲಿ ಕೂತು ಅವಳ ಕೈಯಲ್ಲಿ ಓಡಿಸಿದ. ಸಾಯುವ ಕಾಲಕ್ಕೆ ಬೀಗದಕೈಯನ್ನು ಅಳಿಯನಿಗೆ ಕೊಡಲಿಲ್ಲ, ಮಗಳಿಗೇ ಕೊಟ್ಟ.

"ಇದು ಹಳೇ ಗಾಡಿ ಮಗಳೇ. ಏನೇ ಕೆಟ್ಟರೂ ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತೆ. ನಿನ್ನ ಮೂಗನ್ನು ನಂಬು" ಎಂದ.

ಅವಳು ಆ ಬೀಗದಕೈಯನ್ನು ಮನೆಯ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂತೆಗೆ ಅದರಲ್ಲೇ ಹೋಗುತ್ತಿದ್ದಳು, ಅಕ್ಕನ ಮನೆಗೆ ಅದರಲ್ಲೇ ಹೋಗುತ್ತಿದ್ದಳು. ಕಿಟಕಿಯ ಗಾಳಿ ಮುಖಕ್ಕೆ ಹೊಡೆಯುವಾಗ ಅವಳು ಸಾಹುಕಾರನ ಹೆಂಡತಿಯಲ್ಲ, ಯಾರ ಸೊಸೆಯೂ ಅಲ್ಲ, ಟಾಕೀಸಿನವನ ಮಗಳು. ಆ ಬೀಗದಕೈ ಅವಳಿಗೆ ಏನು ಅಂತ ಇಷ್ಟರಲ್ಲೇ ತಿಳಿದುಕೋ.

ಹುರುಳಿ ಕೊಯ್ಲು ಬಂತು. ಸಾಹುಕಾರ ರೈತರಿಂದ ಹುರುಳಿಯನ್ನು ಬಳ್ಳಿ ಸಮೇತ ಕೊಂಡ. ಒಕ್ಕಬೇಕಲ್ಲ? ಅವನು ಕಣ ಮಾಡಿಸಲಿಲ್ಲ, ಕಲ್ಲಿನ ಗುಂಡು ಎಳೆಸಲಿಲ್ಲ, ಮಿಷನ್ನು ತರಿಸಲಿಲ್ಲ. ಮಂಡಿಯ ಮುಂದೆ ಹೆದ್ದಾರಿಯ ಮೇಲೇ ಬಳ್ಳಿ ಹರವಿಸಿದ. ಬರುವ ಬಸ್ಸು, ಹೋಗುವ ಲಾರಿ ತುಳಿದುಕೊಂಡು ಹೋಗುತ್ತವೆ, ಕಾಳು ಬಿಡುತ್ತದೆ. ಕೂಲಿ ಹೆಂಗಸರು ರಸ್ತೆ ಬದಿಯಲ್ಲಿ ಕೂತಿರುತ್ತಾರೆ. ಗಾಡಿ ಇಲ್ಲದ ಗಳಿಗೆ ನೋಡಿ ಓಡಿಹೋಗಿ ಬಳ್ಳಿ ತಿರುವಿ ಹಾಕುತ್ತಾರೆ, ಕಾಳು ಗುಡಿಸಿ ಮೊರದಲ್ಲಿ ತೂರುತ್ತಾರೆ. ನಮ್ಮ ಕಡೆ ನೀನೂ ನೋಡಿದ್ದೀಯ. ಒಕ್ಕಣೆ ನಮ್ಮದು, ಚಕ್ರ ದಾರಿಯಲ್ಲಿ ಹೋಗುವವರದು.

ಹುರುಳಿ ಬಳ್ಳಿ ಹುಲ್ಲಿನ ಹಾಗಲ್ಲ, ಸುತ್ತಿಕೊಳ್ಳುತ್ತದೆ. ಚಕ್ರದ ಅಚ್ಚಿಗೆ ಹಗ್ಗ ಹೊಸೆದಂತೆ ಹೊಸೆದುಕೊಳ್ಳುತ್ತದೆ. ಇದು ಸಾಹುಕಾರನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತನ್ನ ಸ್ವಂತ ಲಾರಿಯ ಡ್ರೈವರಿಗೆ ಹೇಳಿದ್ದ: "ನೀನು ಕಾಲುವೆ ದಾರಿಯಲ್ಲಿ ಬಳಸಿಕೊಂಡು ಬಾರಯ್ಯ. ಇಲ್ಲಿ ತುಳಿಯೋಕೆ ಊರವರ ಗಾಡಿ ಬೇಕಾದಷ್ಟಿವೆ."

"ಥೂ!" ಎಂದಳು ನೀಲಾಂಬಿಕೆ.

"ಈಗಲೇ ಉಗಿಯಬೇಡ. ಮುಂದಕ್ಕೂ ಒಂದಿಷ್ಟು ಉಳಿಸಿಕೋ" ಎಂದೆ ನಾನು.

ಡ್ರೈವರಿಗೆ ಹೇಳಿದವನು ಹೆಂಡತಿಗೆ ಹೇಳಲಿಲ್ಲ. ಮುಚ್ಚಿಟ್ಟ ಅಂತಲ್ಲ. ಹೇಳಬೇಕು ಅಂತಲೇ ಅವನಿಗೆ ಅನ್ನಿಸಲಿಲ್ಲ. ಲಾರಿ ಅವನದು, ಕಾರು ಅವಳದು.

ಒಂದು ದಿನ ಅವಳು ಅಕ್ಕನ ಮನೆಗೆ ಹೋಗಿ ಬಂದು ಗಂಡನಿಗೆ ಹೇಳಿದಳು: "ರೀ, ಗಾಡಿಯಲ್ಲಿ ಏನೋ ಸೀದ ವಾಸನೆ ಬರ್ತಿದೆ."

ಸಾಹುಕಾರ ತಲೆ ಎತ್ತಲಿಲ್ಲ. "ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯ. ಸೀಯದೆ ಇನ್ನೇನಾಗುತ್ತೆ?"

"ನೀವು ನನ್ನ ಜೊತೆ ಗಾಡಿಯಲ್ಲಿ ಕೂತು ಎಷ್ಟು ಕಾಲವಾಯಿತು? ನನ್ನ ಕಾಲು ಎಲ್ಲಿರುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಹೆಂಗಸರ ಕಾಲು ಎಲ್ಲಿರುತ್ತೆ ಅಂತ ಊರಿಗೇ ಗೊತ್ತು" ಎಂದು ನಕ್ಕ.

ಆದರೂ ಮೆಕ್ಯಾನಿಕ್ಕನ್ನು ಕರೆಸಿದ. ಅದಕ್ಕೆ ಅವನನ್ನು ಬೈಯುವ ಹಾಗಿಲ್ಲ. ಮೆಕ್ಯಾನಿಕ್ ಬಂದ, ಬಾನೆಟ್ಟು ಎತ್ತಿದ, ಸೊಂಟದ ಮೇಲೆ ಕೈಯಿಟ್ಟು ನಿಂತ. ಅವಳು ಪಕ್ಕದಲ್ಲೇ ಇದ್ದಳು. ವಾಸನೆ ಮೂಸಿದವಳು ಅವಳು. ಓಡಿಸಿದವಳು ಅವಳು. ಅವನು ಕೇಳಿದ್ದು ಯಾರನ್ನು?

"ಸಾವುಕಾರ್ರೇ, ಯಾರು ಓಡಿಸೋದು ಇದನ್ನ?"

"ನಮ್ಮ ಮನೆಯವರು."

"ಹಂಗಾದ್ರೆ ಕ್ಲಚ್ಚೇ" ಎಂದ ಮೆಕ್ಯಾನಿಕ್.

ಕೇಳು ನೀಲಾಂಬಿಕೆ. ಗಾಡಿಯನ್ನು ಇನ್ನೂ ಮುಟ್ಟಿರಲಿಲ್ಲ ಅವನು! ಯಾರು ಓಡಿಸುವುದು ಎಂದು ಕೇಳಿದ, ಉತ್ತರ ಸಿಕ್ಕಿತು, ರೋಗ ಗೊತ್ತಾಯಿತು. ಕ್ಲಚ್ಚಿನ ತಟ್ಟೆ ಬದಲಾಯಿಸಿದ. ಅವಳು ಮತ್ತೆ ಅಕ್ಕನ ಮನೆಗೆ ಹೋಗಿ ಬಂದಳು. ಮತ್ತೆ ಸೀದ ವಾಸನೆ.

ಮೆಕ್ಯಾನಿಕ್ ಎರಡನೆಯ ಸಲ ಬಂದು, ವೈರು ಸುಡುತ್ತಿರಬೇಕು ಎಂದ. ವೈರು ಬದಲಾಯಿಸಿದ. ಇನ್ನೊಂದು ಸಲ ಬಂದು, ಆಯಿಲ್ ಸೋರಿ ಬಿಸಿ ಸೈಲೆನ್ಸರಿನ ಮೇಲೆ ಬೀಳುತ್ತಿರಬೇಕು ಎಂದ. ಅದನ್ನೂ ಬಿಗಿ ಮಾಡಿದ. ಇವೆಲ್ಲ ಸುಳ್ಳಲ್ಲ. ಹಳೇ ಗಾಡಿಯಲ್ಲಿ ಇವೆಲ್ಲ ಆಗುವಂಥವೇ. ಆದರೆ ಒಂದೊಂದು ಸುಟ್ಟರೂ ಒಂದೊಂದು ವಾಸನೆ ಬರುತ್ತದೆ, ಅಲ್ಲವೇ? ಒಗ್ಗರಣೆ ಸೀದದ್ದಕ್ಕೂ ಅನ್ನ ತಳ ಹಿಡಿದದ್ದಕ್ಕೂ ಅಡುಗೆಮನೆಯಾಚೆ ನಿಂತೇ ನಾವು ಹೆಸರು ಹೇಳುವುದಿಲ್ಲವೇ? ಎಂಥ ವಾಸನೆ ತಾಯಿ ಎಂದು ಒಬ್ಬನಾದರೂ ಕೇಳಬಾರದೇ?

ಕೇಳದಿದ್ದರೂ ಅವಳೇ ಹೇಳಿದಳು. "ವೈರು ಸುಟ್ಟರೆ ಮೂಗಿಗೆ ಚುಚ್ಚುತ್ತೆ. ಆಯಿಲ್ ಆದರೆ ಜಿಡ್ಡು ಜಿಡ್ಡು. ಇದು ಹಾಗಲ್ಲ. ಬಾಣಲೆಯಲ್ಲಿ ಹುರುಳಿ ಹುರಿಯುವಾಗ ಮರೆತು ಆಚೆ ಹೋದರೆ ಬರುತ್ತಲ್ಲ, ಆ ವಾಸನೆ."

ಮೆಕ್ಯಾನಿಕ್ ಸಾಹುಕಾರನ ಮುಖ ನೋಡಿದ. ಸಾಹುಕಾರ ನಕ್ಕ. ಆಮೇಲೆ ಅವನೂ ನಕ್ಕ. "ಅಮ್ಮಾವ್ರೇ, ಎಂಜಿನ್ನಿನಲ್ಲಿ ಪೆಟ್ರೋಲು ಬೇಯುತ್ತೆ. ಹುರುಳಿ ಬೇಯೋದು ನಿಮ್ಮ ಅಡುಗೆಮನೆಯಲ್ಲಿ."

"ಮಂಡಿ ಮುಂದಿನ ರಸ್ತೆ ದಾಟಿದ ಮೇಲೇ ಬರುತ್ತೆ ವಾಸನೆ" ಎಂದಳು ಅವಳು.

ಸಾಹುಕಾರನ ನಗು ನಿಂತಿತು.

"ಅಂದರೆ? ನನ್ನ ಮಂಡಿಯ ಮೇಲೆ ಹೊರಿಸ್ತೀಯಾ? ಆ ರಸ್ತೆಯಲ್ಲಿ ದಿನಾ ಎಷ್ಟು ಬಸ್ಸು ಓಡಾಡ್ತವೆ. ಯಾವ ಡ್ರೈವರಾದರೂ ಬಂದು ನನ್ನ ಬಾಗಿಲು ತಟ್ಟಿದ್ದಾನಾ?"

ಬಸ್ಸಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿರುತ್ತದೆ, ಈ ಕಾರಿನ ಹೊಟ್ಟೆ ಎಲ್ಲಿರುತ್ತದೆ! ಅದು ಅವನಿಗೆ ತೋಚಲಿಲ್ಲ. ಲಾರಿಯನ್ನೇ ಬಳಸಿ ಬಾ ಎಂದವನಿಗೆ ಕಾರಿನ ವಿಷಯ ತೋಚಲಿಲ್ಲ! ದಡ್ಡನೇ ಅವನು? ಅಲ್ಲ. ಚೀಲ ಮುಟ್ಟಿಯೇ ಒಳಗಿನ ಕಾಳು ಯಾವ ಹೊಲದ್ದು ಎಂದು ಹೇಳುವವನು. ತೋಚಿದರೆ ರಸ್ತೆಯ ಮೇಲಿನ ಒಕ್ಕಣೆ ನಿಲ್ಲಿಸಬೇಕಿತ್ತು. ಅದಕ್ಕೇ ತೋಚಲಿಲ್ಲ. ಬುದ್ಧಿ ತನಗೆ ನಷ್ಟವಾಗುವ ಕಡೆ ಹೆಜ್ಜೆ ಇಡಲು ಹಟ ಮಾಡುತ್ತದೆ ನೋಡು, ಥೇಟ್ ಕೆಸರು ಕಂಡ ಎತ್ತು.

ಅವಳು ಸುಮ್ಮನಾಗಲಿಲ್ಲ. ಮುಂದಿನ ಸಲ ಮನೆಗೆ ಬಂದು ಗಾಡಿ ನಿಲ್ಲಿಸಿದವಳೇ ಸೆರಗು ಬಿಗಿದು, ನೆಲಕ್ಕೆ ಮೊಣಕಾಲೂರಿ ಗಾಡಿಯ ಕೆಳಗೆ ಕೈ ಹಾಕಿ ತಡಕಿದಳು. ಒಂದು ಹಿಡಿ ಕರಿ ಸಿಕ್ಕಿತು. ಮುಟ್ಟಿದರೆ ಮುರಿಯುವಂಥ ಸುಟ್ಟ ಕಡ್ಡಿಗಳು. ಅಂಗೈಯಲ್ಲಿಟ್ಟುಕೊಂಡು ಮಂಡಿಗೆ ಹೋದಳು. ರೈತರು ಕೂತಿದ್ದರು.

"ನೋಡಿ" ಎಂದು ಕೈ ಚಾಚಿದಳು.

ಸಾಹುಕಾರ ಅವಳ ಅಂಗೈ ನೋಡಲಿಲ್ಲ, ಸೀರೆಯ ಮಣ್ಣು ನೋಡಿದ. "ನೆಲದ ಮೇಲೆ ಹೊರಳಾಡಿ ಬಂದಿದ್ದೀಯಾ? ಸಾಹುಕಾರನ ಹೆಂಡತಿ ಕಾರಿನ ಕೆಳಗೆ ಮಲಗಿದ್ದಳು ಅಂತ ಊರು ಆಡಿಕೊಳ್ಳಲಿ ಅಂತಲಾ?" ಎಂದ. ಆಮೇಲೆ ಆ ಕರಿಯನ್ನು ಉಫ್ ಎಂದು ಊದಿದ. ಅದು ರೈತರ ಕಾಲ ಬಳಿ ಬಿತ್ತು. "ಒಲೆ ಬೂದಿ ತಂದು ತೋರಿಸ್ತಾಳೆ" ಎಂದ.

ಅವರೆಲ್ಲ ನಕ್ಕರು. ಯಾಕೆ ನಕ್ಕರೋ! ಹುರುಳಿ ಮಾರಲು ಬಂದವರು, ಸುಟ್ಟ ಹುರುಳಿ ಕಡ್ಡಿ ಗುರುತು ಸಿಗದವರೇ ಅವರು?

"ನಾನಾಗಿದ್ದರೆ ಆ ಬೂದಿ ಅವನ ಮುಖಕ್ಕೇ..." ಎಂದಳು ನೀಲಾಂಬಿಕೆ.

"ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೊನೆಯಲ್ಲಿ ಮಾತಾಡೋಣ. ಹಾಲು ನೋಡು."

ಅವಳು ಕತ್ತು ಚಾಚಿ ನೋಡಿದಳು. ಹಾಲು ಇನ್ನೂ ಬಿಸಿಯಾಗುತ್ತಿತ್ತು.

ಹೆಂಡತಿ ಅಲ್ಲಿಂದ ರಸ್ತೆಗೆ ಹೋದಳು. ಬಳ್ಳಿ ತಿರುವುತ್ತಿದ್ದ ಕೂಲಿ ಹೆಂಗಸರನ್ನು ಕೇಳಿದಳು: "ನನ್ನ ಗಾಡಿ ಇಲ್ಲಿ ದಾಟುವಾಗ ಕೆಳಗೆ ಏನಾದರೂ ಸಿಕ್ಕಿಕೊಳ್ಳೋದು ನೋಡಿದ್ದೀರೇನ್ರಮ್ಮಾ?"

ಅವರು ನೋಡಿದ್ದರು. ದಿನವೂ ನೋಡುತ್ತಿದ್ದರು. ಆ ಕುಳ್ಳು ಕಾರು ಬಳ್ಳಿಯ ಮೇಲೆ ಬಂದು ಆಚೆ ಹೋಗುವಾಗ ಹಿಂದೆ ಒಂದು ಮಾರುದ್ದ ಬಳ್ಳಿ ಎಳೆದುಕೊಂಡು ಹೋಗುತ್ತಿತ್ತು. "ನೋಡ್ರೇ, ಕಾರಿಗೆ ಬಾಲ ಬಂತು" ಎಂದು ಹಿರಿಯವಳು ಅನ್ನುವುದು, ಉಳಿದವರು ಮೊರ ಅಡ್ಡ ಹಿಡಿದು ನಗುವುದು. ಬಿಸಿಲಿನಲ್ಲಿ ಅವರಿಗೆ ಇದ್ದ ತಮಾಷೆ ಅದೊಂದೇ. ಒಂದು ಸಲ ಬಾಲದ ಬುಡದಲ್ಲಿ ಹೊಗೆಯೂ ಕಂಡಿತ್ತು.

ಆದರೆ ಈಗ ಮಂಡಿಯ ಬಾಗಿಲಲ್ಲಿ ಸಾಹುಕಾರ ನಿಂತಿದ್ದ. ಒಬ್ಬ ಹುಡುಗಿ ಬಾಯಿ ತೆರೆದಳು. ಪಕ್ಕದವಳು ಅವಳ ಸೆರಗು ಜಗ್ಗಿದಳು. ಹಿರಿಯವಳು ಹೇಳಿದಳು: "ನಾವೇನು ಕಾರು ನೋಡ್ತೀವಾ ಅಮ್ಮಾವ್ರೇ? ಕಾಳು ನೋಡ್ತೀವಿ."

ಅವಳು ಎಲ್ಲರ ಮುಖ ನೋಡಿದಳು. ಎಲ್ಲರೂ ಮೊರ ನೋಡುತ್ತಿದ್ದರು. ಅವಳು ಹಿಂದಿರುಗಿದಳು.

ಸಾಹುಕಾರ ಇದನ್ನು ಮುಗಿಸಿಬಿಡಬೇಕು ಎಂದು, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಕಾರು ಓಡಿಸಿದ. ಯಾವ ದಾರಿಯಲ್ಲಿ? ಅಭ್ಯಾಸ ನೋಡು, ಕಾಲುವೆ ದಾರಿಯಲ್ಲಿ! ಹೋಗಿ ಬಂದು ಜಗಲಿಯ ಮುಂದೆ ನಿಲ್ಲಿಸಿ, "ಯಾರು ಬೇಕಾದರೂ ಬಂದು ಮೂಸಲಿ. ನಾನು ಓಡಿಸಿದರೆ ವಾಸನೆ ಇಲ್ಲ" ಎಂದ.

"ಹೌದು, ಇಲ್ಲ" ಎಂದ ಮೆಕ್ಯಾನಿಕ್.

"ಹೆದ್ದಾರಿಯಲ್ಲಿ ಹೋಗಿ ಬನ್ನಿ, ಆಮೇಲೆ ಹೇಳಿ" ಎಂದಳು ಅವಳು, ಗಾಡಿಯಲ್ಲಿದ್ದ ಬೀಗದಕೈಯನ್ನು ತೆಗೆದು ಗೊಂಚಲಿಗೆ ಸೇರಿಸುತ್ತ.

"ನನಗೆ ದಾರಿ ಹೇಳಿಕೊಡ್ತೀಯಾ ನೀನು? ಪರೀಕ್ಷೆ ಆಯಿತು. ತಪ್ಪು ಗಾಡಿಯದಲ್ಲ, ಓಡಿಸುವವಳದು" ಎಂದ. ಜಗಲಿಯ ಮೇಲೆ ಕೂತವರೆಲ್ಲ ತಲೆದೂಗಿದರು. ಅವರೆದುರಿಗೇ ಕೈ ಚಾಚಿದ. "ಕೊಡು ಬೀಗದಕೈ."

ಅವಳು ಗೊಂಚಲಿನಿಂದ ಬಿಡಿಸಲು ಹೋದಳು. ಅದು ಬೇಗ ಬರಲಿಲ್ಲ. ಅವನೇ ಅವಳ ಸೊಂಟದಿಂದ ಗೊಂಚಲು ಕಿತ್ತು, ಅದೊಂದನ್ನು ಬಿಡಿಸಿಕೊಂಡು, ಉಳಿದದ್ದನ್ನು ಅವಳ ಕಡೆ ಎಸೆದ.

ಹೆಂಡತಿಯನ್ನು ಹೊಡೆಯದ ಮನುಷ್ಯ ಅವನು. ಊರೆಲ್ಲ ಅದನ್ನು ಹೊಗಳುತ್ತಿತ್ತು. ಇದಕ್ಕೇನೆನ್ನುತ್ತೀ? ಅಪ್ಪ ಅಂಗೈಯಲ್ಲಿಟ್ಟು ಮಡಚಿ ಕೊಟ್ಟದ್ದನ್ನು ಊರ ಮುಂದೆ ಸೊಂಟದಿಂದ ಕೀಳುವುದಕ್ಕೆ ಬೇರೆ ಹೆಸರಿದೆಯೇ?

ಅವಳು ಬಗ್ಗಿ ಗೊಂಚಲು ಎತ್ತಿಕೊಂಡಳು. "ವಾಸನೆ ನನ್ನ ಕಾಲಿನದಲ್ಲ. ಬೆಂಕಿ ಹತ್ತುತ್ತೆ. ನಾನು ಹೇಳಿದ್ದೇನೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಸಾಹುಕಾರ ಕಾರು ಮಾರಲು ನಿಂತ. ಒಳಗೆ ಊದುಬತ್ತಿ ಹಚ್ಚಿಸಿದ. ಸೆಂಟಿನ ಬಾಟಲಿ ತಂದು ತೂಗುಹಾಕಿದ. ಈಗ ವಾಸನೆ ಹೋಯಿತು ಎಂದರು ಎಲ್ಲರೂ. ಹೋಗುವುದೆಲ್ಲಿಗೆ? ವಾಸನೆಯನ್ನು ಮುಚ್ಚಿದರು ಅಷ್ಟೇ. ಇನ್ನು ಹೇಳುವ ಬಾಯಿಯೊಂದು ಉಳಿದಿತ್ತು, ಅದನ್ನು ಒಳಮನೆಯಲ್ಲಿ ಕೂರಿಸಿಯಾಗಿತ್ತು.

ಪೇಟೆಯಿಂದ ಒಬ್ಬ ಶೋಕಿಯ ಮನುಷ್ಯ ಕಾರು ನೋಡಲು ಬಂದ. ಅವನು ಕೇಳಿದ್ದು ಒಂದೇ: "ಇದರ ಓಟ ತೋರಿಸಿ." ಕಾಲುವೆ ದಾರಿಯ ಗುಂಡಿಯಲ್ಲಿ ಓಟ ತೋರಿಸಲಾಗುವುದೇ? ಸಾಹುಕಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೇ ಹತ್ತಿಸಿದ. ಆ ದಿನ ಬಳ್ಳಿ ದಟ್ಟವಾಗಿ ಹರಡಿತ್ತು, ಗರಿಗರಿ ಒಣಗಿತ್ತು. ಕಾರು ಅದರ ಮೇಲೆ ರೊಯ್ಯನೆ ಹೋಯಿತು.

ರಸ್ತೆ ಬದಿಯಲ್ಲಿ ಹಿರಿಯವಳು, "ಇವತ್ತು ಬಾಲ ಬಲು ಉದ್ದ ಕಣ್ರೇ" ಎಂದಳು. ಎಲ್ಲರೂ ನಕ್ಕರು.

ಸ್ವಲ್ಪ ದೂರ ಹೋದ ಮೇಲೆ ಪೇಟೆಯವನು ಮೂಗು ಅರಳಿಸಿದ. "ಏನೋ ಸೀದ ವಾಸನೆ ಬರ್ತಿದೆಯಲ್ಲ?"

"ಅದಾ? ನಮ್ಮ ಮನೆಯವರು ಓಡಿಸಿ ಓಡಿಸಿ ಹಿಡಿಸಿದ ವಾಸನೆ. ಎಲ್ಲಾ ರಿಪೇರಿ ಆಗಿದೆ. ಹಳೇ ವಾಸನೆ ಸ್ವಲ್ಪ ಉಳಿದಿರುತ್ತೆ" ಎಂದ ಸಾಹುಕಾರ.

ನೋಡಿದೆಯಾ? ಅವಳು ಗಾಡಿಯಲ್ಲೇ ಇಲ್ಲ. ಬೀಗದಕೈ ಅವಳ ಹತ್ತಿರ ಇಲ್ಲ. ಆದರೂ ವಾಸನೆ ಅವಳದೇ!

ಅವನು ಗಾಡಿ ತಿರುಗಿಸಿ ಅದೇ ವೇಗದಲ್ಲಿ ಬಂದು, ಗತ್ತಿನಿಂದ ಮಂಡಿಯ ಮುಂದೆ, ಹರವಿದ ಬಳ್ಳಿಯ ಮೇಲೇ ನಿಲ್ಲಿಸಿದ. ಅಚ್ಚಿಗೆ ಸುತ್ತಿದ ಬಳ್ಳಿ ಸೈಲೆನ್ಸರಿಗೆ ತಾಗಿ ಒಳಗೊಳಗೇ ಕೆಂಡವಾಗಿತ್ತು. ಓಡುವಾಗ ಹೊಗೆ ಹಿಂದಕ್ಕೆ ಹೋಗುತ್ತಿತ್ತು. ನಿಂತ ತಕ್ಷಣ ಕೆಳಗಿನ ಒಣ ಬಳ್ಳಿಗೆ ಹತ್ತಿಕೊಂಡಿತು. ಒಂದು ಕಡೆಯಿಂದ ಉರಿ ರಸ್ತೆಯುದ್ದಕ್ಕೂ ಹರಿಯಿತು.

ಪೇಟೆಯವನು ತನ್ನ ಕಡೆಯ ಬಾಗಿಲು ತೆಗೆದು ಹಾರಿಕೊಂಡ. ಅವನು ಹಾರಿದ ಕಡೆಯೇ ಉರಿ ಎದ್ದು ಆ ಬಾಗಿಲು ಮುಚ್ಚಿಹೋಯಿತು. ಸಾಹುಕಾರನ ಕಡೆಯ ಬಾಗಿಲು ತೆಗೆಯಲಿಲ್ಲ. ಎಷ್ಟೋ ವರ್ಷದಿಂದ ಅದು ಒಮ್ಮೊಮ್ಮೆ ಸಿಕ್ಕಿಕೊಂಡು ಒಳಗಿನಿಂದ ತೆಗೆಯುತ್ತಿರಲಿಲ್ಲ. ಹೊರಗಿನಿಂದ ಹಿಡಿಯನ್ನು ಮೇಲಕ್ಕೆ ಎತ್ತಿ ಭುಜ ಕೊಟ್ಟು ಒಮ್ಮೆ ಒತ್ತಿ ಎಳೆಯಬೇಕು. ಅದು ಗೊತ್ತಿದ್ದವಳು ಒಬ್ಬಳೇ. ಅವನು ಯಾವತ್ತೂ ಕೇಳಿರಲಿಲ್ಲ.

ಅವಳು ಒಳಗಿನಿಂದ ಓಡಿಬಂದಳು. ಹಿರಿಯ ಕೂಲಿಯವಳು ನೀರಿನ ತೊಟ್ಟಿಯಲ್ಲಿ ಅದ್ದಿದ ಗೋಣಿಯನ್ನು ಅವಳ ಮೇಲೆ ಹೊದಿಸಿದಳು. ಅವಳು ಹೊಗೆಯೊಳಗೆ ನುಗ್ಗಿ, ಹಿಡಿ ಎತ್ತಿ, ಭುಜ ಕೊಟ್ಟು ಒತ್ತಿ, ಬಾಗಿಲು ಕಿತ್ತು ಗಂಡನನ್ನು ಹೊರಗೆಳೆದಳು. ಅವನ ಬಲಗೈ ಬೆಂದಿತ್ತು, ಉಸಿರಿತ್ತು. ಅವಳ ಹುಬ್ಬು ಸುಟ್ಟಿತ್ತು.

ರಸ್ತೆಯಾಚೆ ಕೂತು ಕೆಮ್ಮಿ ಕೆಮ್ಮಿ ಸಾಹುಕಾರ ಉಸಿರು ತಂದುಕೊಂಡ. ಎದುರಿಗೆ ಅವಳ ಅಪ್ಪನ ಕಾರು ಉರಿಯುತ್ತಿತ್ತು. ಹೆಂಡತಿಯ ಕಡೆ ತಿರುಗಿ ಅವನು ಆಡಿದ ಮೊದಲ ಮಾತು ಏನು, ಹೇಳು?

"ಕ್ಷಮಿಸು ಅಂದನಾ?" ಎಂದಳು ನೀಲಾಂಬಿಕೆ.

"ಮೊದಲೇ ಗಟ್ಟಿಯಾಗಿ ಹೇಳೋದಲ್ವಾ?" ಅಂದ!

ನೀಲಾಂಬಿಕೆ ನೆಲಕ್ಕೆ ಕೈ ಅಪ್ಪಳಿಸಿದಳು. ಆ ಹೆಂಡತಿ ಹೇಳಿದ್ದಳು. ಮೂಸಿ ಹೇಳಿದ್ದಳು, ಅಂಗೈಯಲ್ಲಿ ಹಿಡಿದು ತೋರಿಸಿದ್ದಳು, ಊರ ಮುಂದೆ ಹೇಳಿದ್ದಳು. ಇನ್ನೆಷ್ಟು ಗಟ್ಟಿಯಾಗಿ ಹೇಳಬೇಕಿತ್ತು? ತಮಟೆ ಬಡಿಸಬೇಕಿತ್ತೇ?

ಹೆಂಡತಿ ಅವನನ್ನು ಬಿಟ್ಟು ಎದ್ದಳು. ಕೂಲಿ ಹೆಂಗಸರ ಕಡೆ ನೋಡಿದಳು. ಹಿರಿಯವಳು ಅಳುತ್ತಿದ್ದಳು. "ಅಮ್ಮಾವ್ರೇ, ಅದಕ್ಕೆ ದಿನಾ ಬಾಲ ಬರ್ತಿತ್ತು. ನಾವು ನೋಡ್ತಿದ್ವಿ" ಎಂದಳು.

"ಕೇಳಿದೆನಲ್ಲ ತಾಯಿ. ಹೇಳಲಿಲ್ಲ ಯಾಕೆ?"

"ಹೇಳಿದ್ರೆ ರಸ್ತೆ ಮೇಲೆ ಹರವೋದು ನಿಲ್ಲುತ್ತೆ, ನಮ್ಮ ಕೂಲಿ ನಿಲ್ಲುತ್ತೆ ಅಂದ್ಕೊಂಡ್ವಿ. ಜೊತೆಗೆ... ಬೈಸಿಕೊಳ್ತಿದ್ದವರು ನೀವು. ನಾವಲ್ಲವಲ್ಲ."

ಕತೆ ಇಷ್ಟೇ. ಇನ್ನು ಯಾರು ಯಾರು ಏನಾದರು ಕೇಳು.

ಪೇಟೆಯ ಶೋಕಿಯವನು ಬಸ್ಸು ಹತ್ತಿ ಹೋದ. ಆಮೇಲೆ ಅವನು ಕಾರು ಕೊಂಡದ್ದು ಯಾರಿಗೂ ಗೊತ್ತಿಲ್ಲ.

ಮೆಕ್ಯಾನಿಕ್ ಇವತ್ತಿಗೂ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳುತ್ತಾನೆ: "ಆ ಕಾರು ಪೂರ್ತಿ ಸುಟ್ಟುಹೋಯ್ತು ಸ್ವಾಮಿ. ನಾನು ಹಾಕಿದ ಕ್ಲಚ್ಚು ಮಾತ್ರ ಹಂಗೇ ಇತ್ತು."

ಸಾಹುಕಾರನ ಕೈ ಗುಣವಾಯಿತು, ಕಲೆ ಉಳಿಯಿತು. ಮರುವರ್ಷದಿಂದ ಮಿಷನ್ನು ತರಿಸಿ ಮಂಡಿಯ ಹಿಂದೆ ಒಕ್ಕಿಸಿದ. ಯಾರಾದರೂ ಹೆದ್ದಾರಿಯಲ್ಲಿ ಬಳ್ಳಿ ಹರವಿದರೆ ತಾನೇ ಹೋಗಿ ಬುದ್ಧಿ ಹೇಳುತ್ತಾನೆ. "ಇದು ಅಪಾಯ ಅಂತ ಈ ಊರಲ್ಲಿ ಮೊದಲು ಕಂಡುಹಿಡಿದವನು ನಾನೇ" ಎನ್ನುತ್ತಾನೆ. ಊರವರು ಹೌದು ಹೌದು ಎನ್ನುತ್ತಾರೆ. ಇಂಥವರಿಗೆ ಊರು ಯಾವತ್ತೂ ಹೌದು ಎಂದೇ ಅನ್ನುವುದು.

ಹೆಂಡತಿ ಬೂದಿ ಆರಿದ ಮೇಲೆ ಕೆದಕಿ ಬೀಗದಕೈ ಹುಡುಕಿ ತೆಗೆದಳು. ಕಪ್ಪಗಾಗಿತ್ತು, ಬಾಗಿತ್ತು. ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದರಿಂದ ತೆರೆಯುವಂಥದ್ದು ಏನೂ ಉಳಿದಿರಲಿಲ್ಲ. ಮಂಡಿಯ ಜೀಪಿನ ಬೀಗದಕೈಯನ್ನು ಗಂಡ ತಾನಾಗಿ ತಂದುಕೊಟ್ಟ. ಈಗ ಅದನ್ನು ಅವಳೇ ಓಡಿಸುತ್ತಾಳೆ. ದಾರಿಯಲ್ಲಿ ಅವಳು ಮೂಗು ಅರಳಿಸಿದರೆ ಸಾಕು, ಯಾಕೆ ಎಂದು ಕೇಳುವ ಮೊದಲೇ ಸಾಹುಕಾರ ಇಳಿದು ನಿಲ್ಲುತ್ತಾನೆ. ಅಷ್ಟಾಯಿತು. ಅಪ್ಪನ ಕಾರು ಬರಲಿಲ್ಲ.

ಕೂಲಿ ಹೆಂಗಸರು ಉಳಿಸಿಕೊಳ್ಳಲು ಹೋದ ಕೂಲಿ ಬಳ್ಳಿಯ ಜೊತೆಗೇ ಸುಟ್ಟುಹೋಯಿತು. ಬಾಯಿ ತೆರೆದ ಹುಡುಗಿ ಬೇರೆ ಊರಿಗೆ ಮದುವೆಯಾಗಿ ಹೋದಳು. ಅವಳ ಸೆರಗು ಜಗ್ಗಿದವಳು ಆ ಮಾತು ಬಂದರೆ ಎದ್ದು ಹೋಗುತ್ತಾಳೆ. ಬಾಲ ಬಂತು ಎಂದು ನಗಿಸುತ್ತಿದ್ದ ಹಿರಿಯವಳು ಆಮೇಲೆ ಯಾರನ್ನೂ ನಗಿಸಲಿಲ್ಲ.

ಒಲೆಯ ಮೇಲೆ ಹಾಲು ಉಕ್ಕಿತು. ನೀಲಾಂಬಿಕೆ ಓಡಿ ಇಳಿಸಿದಳು. ಒಡೆದಿರಲಿಲ್ಲ. ಬೆಳ್ಳಗೆ, ದಪ್ಪ ಕೆನೆಯೊಡನೆ ಚೆನ್ನಾಗಿ ಕಾದಿತ್ತು. ಅವಳು 'ನೋಡಿದಿರಾ' ಎನ್ನುವಂತೆ ಪಾತ್ರೆಯನ್ನು ನನ್ನ ಮುಂದೆ ಹಿಡಿದಳು. ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು.

"ನಿನ್ನ ಹಾಲು ಒಳ್ಳೆಯದೇ ಮಗಳೇ, ನಾನು ಮೂಸದೆಯೂ ಹೇಳುತ್ತಿದ್ದೆ" ಎಂದೆ. "ಆದರೆ ಹೋದ ತಿಂಗಳು ಸಾಕಮ್ಮನ ಹಾಲನ್ನು ಮೋರಿಗೆ ಚೆಲ್ಲಿಸಿದಾಗ, ಆ ಸಾಲಿನಲ್ಲಿ ನಿನ್ನ ಕ್ಯಾನು ಯಾರ ಹಿಂದೆ ಇತ್ತು?"